ಆಫ್ಟರ್ ಎಫೆಕ್ಟ್ಸ್‌ನಲ್ಲಿ ತ್ರೀಡಿ ಲೇಯರ್‌ಗಳನ್ನು ಗುಂಪು ಮಾಡುವುದು ಹೇಗೆ?

ಫೋಟೋಶಾಪ್‌ನಲ್ಲಿ ಬೇಕಾದ ಲೇಯರ್‌ಗಳನ್ನು ಆರಿಸಿ ಕಂಟ್ರೋಲ್ ಮತ್ತು ಜಿ ಒತ್ತಿದರೆ ಸಾಕು, ಗುಂಪು ಸಿದ್ಧ. ಅದೇ ಅಭ್ಯಾಸದಲ್ಲಿ ಅಡೋಬಿಯ ಅನಿಮೇಷನ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ಗೆ ಬಂದವರು ಲೇಯರ್‌ಗಳ ಪಟ್ಟಿ ಇರುವ ಟೈಮ್‌ಲೈನ್‌ನಲ್ಲಿ ಅಂಥದ್ದೇ ಫೋಲ್ಡರ್ ಹುಡುಕುತ್ತಾರೆ. ಅದು ಅಲ್ಲಿ ಸಿಗುವುದಿಲ್ಲ. ಇಲ್ಲಿ ಗುಂಪು ಮಾಡುವುದರಲ್ಲಿ ಎರಡು ಕೆಲಸಗಳಿವೆ. ಲೇಯರ್‌ಗಳು ಒಟ್ಟಿಗೆ ಚಲಿಸಬೇಕು. ಜೊತೆಗೆ, ಯಾವುದು ಹಿಂದೆ ಯಾವುದು ಮುಂದೆ ಎಂಬ ಲೆಕ್ಕದಲ್ಲಿ ಒಟ್ಟಿಗೆ ರೆಂಡರ್ ಆಗಬೇಕು, ಅಂದರೆ ಅಂತಿಮ ಚಿತ್ರವಾಗಿ ಮೂಡಬೇಕು. ಮೊದಲನೆಯದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಕೆಲಸ ಕೆಡುವುದು ಜಾಸ್ತಿ ಎರಡನೆಯದರಲ್ಲೇ.

ಆರು ಮುಖದ ಒಂದು ಕ್ಯೂಬ್ ಕಟ್ಟಿ ನೋಡೋಣ. ಇದೊಂದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ಮುಖಗಳನ್ನು ಜೋಡಿಸಿ

1920×1080 ಅಳತೆಯ ಕಾಂಪೊಸಿಷನ್ (ಲೇಯರ್‌ಗಳನ್ನು ಜೋಡಿಸುವ ಚೌಕಟ್ಟು) ತೆರೆಯಿರಿ. 400×400 ಪಿಕ್ಸೆಲ್‌ನ ಆರು ಸಾಲಿಡ್ (ಒಂದೇ ಬಣ್ಣದ ಲೇಯರ್) ಮಾಡಿ, ಒಂದೊಂದಕ್ಕೂ ಬೇರೆ ಬಣ್ಣ ಕೊಡಿ. ಟೈಮ್‌ಲೈನ್‌ನಲ್ಲಿ ಪುಟ್ಟ ಡಬ್ಬಿಯ ಚಿಹ್ನೆ ಇರುವ ತ್ರೀಡಿ ಸ್ವಿಚ್ಚನ್ನು ಆರಕ್ಕೂ ಒತ್ತಿ. ಈ ತಂತ್ರಾಂಶದಲ್ಲಿ ವೈ ಬೆಲೆ ಹೆಚ್ಚಿದರೆ ಲೇಯರ್ ಕೆಳಗಿಳಿಯುತ್ತದೆ, ಝಡ್ ಬೆಲೆ ಹೆಚ್ಚಿದರೆ ನಮ್ಮಿಂದ ದೂರ ಹೋಗುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಲೆಕ್ಕ ಸಲೀಸು.

ಮುಂದಿನ ಮುಖದ ಪೊಸಿಷನ್ 960, 540, -200. ಹಿಂದಿನದು 960, 540, 200. ಎಡ ಮುಖ 760, 540, 0 ಮತ್ತು ಬಲ ಮುಖ 1160, 540, 0. ಇವೆರಡಕ್ಕೂ ವೈ ರೊಟೇಷನ್ 90 ಡಿಗ್ರಿ. ಮೇಲಿನದು 960, 340, 0 ಮತ್ತು ಕೆಳಗಿನದು 960, 740, 0. ಇವಕ್ಕೆ ಎಕ್ಸ್ ರೊಟೇಷನ್ 90 ಡಿಗ್ರಿ. ಈಗಲೇ ಪ್ರತಿ ಲೇಯರ್‌ಗೂ ಹೆಸರು ಕೊಡಿ. ಆರು ಸಾಲಿಡ್‌ಗಳಲ್ಲಿ ಯಾವುದು ಎಲ್ಲಿಯದು ಎಂದು ಆಮೇಲೆ ಹುಡುಕುವುದು ಸುಮ್ನೆ ತಲೆನೋವು.

ನಲ್ ಆಬ್ಜೆಕ್ಟ್‌ಗೆ ಕಟ್ಟಿ

ಲೇಯರ್ ಮೆನುವಿನ ನ್ಯೂ ಪಟ್ಟಿಯಲ್ಲಿ ನಲ್ ಆಬ್ಜೆಕ್ಟ್ ಇದೆ. ಇದು ರೆಂಡರ್‌ನಲ್ಲಿ ಕಾಣದ ಲೇಯರ್, ಹಿಡಿಕೆಯಾಗಿ ಮಾತ್ರ ಕೆಲಸಕ್ಕೆ ಬರುತ್ತದೆ. ಇದರ ತ್ರೀಡಿ ಸ್ವಿಚ್ಚನ್ನೂ ಒತ್ತಲೇಬೇಕು. ಒತ್ತದಿದ್ದರೆ ನಲ್‌ಗೆ ಒಂದೇ ರೊಟೇಷನ್ ಇರುತ್ತದೆ, ಎಕ್ಸ್ ಮತ್ತು ವೈ ಸುತ್ತ ತಿರುಗಿಸಲು ದಾರಿಯೇ ಇರುವುದಿಲ್ಲ.

ನಲ್‌ನ ಪೊಸಿಷನ್ 960, 540, 0 ಇರಲಿ, ಅಂದರೆ ಕ್ಯೂಬಿನ ನಟ್ಟನಡುವೆ. ಗುಂಪು ತಿರುಗುವುದು ನಲ್‌ನ ಆ್ಯಂಕರ್ ಪಾಯಿಂಟ್ ಸುತ್ತ. ಅದಕ್ಕೇ ಕಟ್ಟುವ ಮೊದಲೇ ನಲ್ ಸರಿಯಾದ ಜಾಗದಲ್ಲಿರಬೇಕು. ಈಗ ಆರು ಮುಖಗಳನ್ನೂ ಆರಿಸಿ, ಯಾವುದಾದರೂ ಒಂದರ ಪಿಕ್ ವಿಪ್ (ಟೈಮ್‌ಲೈನ್‌ನಲ್ಲಿರುವ ಸುರುಳಿ ಚಿಹ್ನೆ) ಎಳೆದು ನಲ್ ಮೇಲೆ ಬಿಡಿ. ಆರೂ ಒಮ್ಮೆಗೇ ಅದರ ಮಕ್ಕಳಾಗುತ್ತವೆ, ಅಂದರೆ ಅದು ಚಲಿಸಿದಂತೆ ಚಲಿಸುತ್ತವೆ. ಆಗ ಮುಖಗಳ ಪೊಸಿಷನ್ ಅಂಕಿಗಳು ಬದಲಾಗುತ್ತವೆ, ಗಾಬರಿಯಾಗಬೇಡಿ. ಇನ್ನು ಆ ಬೆಲೆಗಳನ್ನು ಅಳೆಯುವುದು ನಲ್‌ನಿಂದ. ತೆರೆಯ ಮೇಲೆ ಏನೂ ಅಲುಗಾಡಿರುವುದಿಲ್ಲ.

ನಲ್‌ನ ವೈ ರೊಟೇಷನ್ ತಿರುಗಿಸಿ. ಇಡೀ ಕ್ಯೂಬ್ ತಿರುಗುತ್ತದೆ, ಅಲ್ವಾ? ಅನಿಮೇಷನ್‌ಗೆ ಓರಿಯೆಂಟೇಷನ್ ಬೇಡ, ರೊಟೇಷನ್ನೇ ಬಳಸಿ. ಓರಿಯೆಂಟೇಷನ್ ಹತ್ತಿರದ ದಾರಿ ಹಿಡಿದು ತಿರುಗುತ್ತದೆ, ಎರಡು ಮೂರು ಸುತ್ತು ಬೇಕೆಂದರೆ ಕೊಡುವುದಿಲ್ಲ.

ಕ್ಯೂಬ್ ತನ್ನಷ್ಟಕ್ಕೆ ತಿರುಗುತ್ತಾ ತೆರೆಯ ಅಡ್ಡಕ್ಕೂ ಸಾಗಬೇಕೇ? ಇನ್ನೊಂದು ತ್ರೀಡಿ ನಲ್ ಮಾಡಿ, ಮೊದಲನೆಯದನ್ನು ಅದಕ್ಕೆ ಕಟ್ಟಿ. ಒಳಗಿನದು ತಿರುಗಿಸಲಿ, ಹೊರಗಿನದು ಸಾಗಿಸಲಿ. ಒಂದೇ ನಲ್‌ನಲ್ಲಿ ಎಲ್ಲ ಕೀಫ್ರೇಮ್ (ಚಲನೆಯ ಬೆಲೆ ಗುರುತಿಸುವ ಬಿಂದು) ತುಂಬುವುದಕ್ಕಿಂತ ಇದು ಎಷ್ಟೋ ವಾಸಿ. ಆಮೇಲೆ ವೇಗ ಬದಲಿಸಬೇಕಾದರೂ ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುವುದಿಲ್ಲ.

ನಡುವೆ ಟೂಡಿ ಲೇಯರ್ ಬರಬಾರದು

ಒಂದರ ಪಕ್ಕ ಒಂದಿರುವ ತ್ರೀಡಿ ಲೇಯರ್‌ಗಳನ್ನು ಆಫ್ಟರ್ ಎಫೆಕ್ಟ್ಸ್ ಒಂದೇ ಕಂತೆಯಾಗಿ ರೆಂಡರ್ ಮಾಡುತ್ತದೆ. ಆ ಕಂತೆಯೊಳಗೆ ಟೈಮ್‌ಲೈನ್‌ನ ಮೇಲೆ ಕೆಳಗೆ ಲೆಕ್ಕಕ್ಕಿಲ್ಲ, ಕ್ಯಾಮೆರಾದಿಂದ ಯಾವುದು ಎಷ್ಟು ದೂರ ಎಂಬುದೇ ಮುಖ್ಯ. ಆದರೆ ಮುಂದಿನ ಮುಖಕ್ಕೂ ಹಿಂದಿನ ಮುಖಕ್ಕೂ ನಡುವೆ ಒಂದು ಟೂಡಿ ಶೀರ್ಷಿಕೆ ಸೇರಿಸಿದಿರಿ ಎನ್ನಿ. ಕಂತೆ ಎರಡಾಗಿ ಒಡೆಯುತ್ತದೆ. ಮೇಲಿನ ಕಂತೆ ಯಾವಾಗಲೂ ಕೆಳಗಿನದರ ಮೇಲೆ ಬೀಳುತ್ತದೆ. ಕ್ಯೂಬ್ ಅರ್ಧ ಸುತ್ತು ತಿರುಗಿದಾಗ ಹಿಂದೆ ಹೋಗಬೇಕಾದ ಮುಖ ಮುಂದೆಯೇ ಕಾಣುತ್ತದೆ. ಎರಡು ಕಂತೆಗಳ ಲೇಯರ್‌ಗಳು ಒಂದನ್ನೊಂದು ಸೀಳಿ ಹೋಗುವುದಿಲ್ಲ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದೂ ಇಲ್ಲ.

ನಲ್ ಸರಿಯಾಗಿಯೇ ಕಟ್ಟಿರುತ್ತದೆ, ಚಲನೆಯೂ ಸರಿ ಇರುತ್ತದೆ. ಅದಕ್ಕೇ ಜನ ತಪ್ಪನ್ನು ಬೇರೆಲ್ಲೋ ಹುಡುಕುತ್ತಾರೆ. ತನ್ನ ಕೆಳಗಿನ ಲೇಯರ್‌ಗಳಿಗೆಲ್ಲ ಎಫೆಕ್ಟ್ ತಾಗಿಸುವ ಅಡ್ಜಸ್ಟ್‌ಮೆಂಟ್ ಲೇಯರ್ ಕೂಡ ಕಂತೆಯನ್ನು ಹೀಗೇ ಒಡೆಯುತ್ತದೆ. ಲೇಯರ್ ಸ್ಟೈಲ್ (ನೆರಳಿನಂಥ ಸಿದ್ಧ ಅಲಂಕಾರ) ಹಾಕಿದ ತ್ರೀಡಿ ಲೇಯರ್ ಕೂಡ. ಮುಖದ ಅಂಚಿಗೆಂದು ಡ್ರಾಪ್ ಶ್ಯಾಡೋ ಸ್ಟೈಲ್ ಹಾಕುವವರು ಇದನ್ನು ಗಮನಿಸಬೇಕು. ಕ್ಯೂಬಿನ ಆರೂ ಲೇಯರ್ ಒಟ್ಟಿಗಿರಲಿ. ಟೂಡಿ ಲೇಯರ್‌ಗಳು ಅವೆಲ್ಲದರ ಮೇಲೆ ಅಥವಾ ಕೆಳಗೆ ಹೋಗಲಿ.

ಪ್ರೀಕಾಂಪ್ ಯಾವಾಗ?

ಒಂದೇ ಕ್ಯೂಬ್ ಆದರೆ ನಲ್ ಸಾಕು. ಅಂಥದ್ದೇ ಹತ್ತು ಕ್ಯೂಬ್ ಬೇಕಾದಾಗ ಪ್ರೀಕಾಂಪ್ ಮಾಡಿ, ಅಂದರೆ ಲೇಯರ್‌ಗಳನ್ನೆಲ್ಲ ಒಂದು ಒಳಗಿನ ಕಾಂಪೊಸಿಷನ್‌ಗೆ ಸೇರಿಸಿ ಒಂದೇ ಲೇಯರ್‌ನಂತೆ ಬಳಸಿ. ಆರು ಮುಖಗಳನ್ನೂ ನಲ್‌ಗಳನ್ನೂ ಆರಿಸಿ ಕಂಟ್ರೋಲ್, ಶಿಫ್ಟ್, ಸಿ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಅದರ ಹತ್ತು ಪ್ರತಿ ಇಟ್ಟುಕೊಂಡರೆ, ಮೂಲದಲ್ಲಿ ಬಣ್ಣ ಬದಲಿಸಿದಾಗ ಹತ್ತರಲ್ಲೂ ಬದಲಾಗುತ್ತದೆ.

ಪ್ರೀಕಾಂಪ್‌ಗೆ ತ್ರೀಡಿ ಸ್ವಿಚ್ ಮಾತ್ರ ಒತ್ತಿದರೆ ಅದು ಕ್ಯೂಬಿನ ಚಿತ್ರ ಅಂಟಿಸಿದ ಚಪ್ಪಟೆ ಹಾಳೆಯಂತೆ ತಿರುಗುತ್ತದೆ. ಜೊತೆಗೆ ಸೂರ್ಯನಂಥ ಚಿಹ್ನೆ ಇರುವ ಕೊಲ್ಯಾಪ್ಸ್ ಟ್ರಾನ್ಸ್‌ಫಾರ್ಮೇಷನ್ಸ್ ಸ್ವಿಚ್ ಒತ್ತಿ. ಆಗ ಒಳಗಿನ ಲೇಯರ್‌ಗಳು ಮುಖ್ಯ ಕಾಂಪೊಸಿಷನ್ನಿನ ಜಾಗಕ್ಕೇ ಬಂದು ನಿಲ್ಲುತ್ತವೆ. ಅಲ್ಲಿನ ಕ್ಯಾಮೆರಾ, ಅಲ್ಲಿನ ಲೈಟ್ ಅವಕ್ಕೆ ತಾಗುತ್ತವೆ. ಪ್ರೀಕಾಂಪ್‌ನ ಚೌಕಟ್ಟು ದಾಟಿದ ಭಾಗವೂ ಕತ್ತರಿಸಿ ಹೋಗುವುದಿಲ್ಲ.

ಗುಂಪನ್ನು ಮರೆಯಾಗಿಸಲು

ನಲ್‌ನ ಒಪಾಸಿಟಿ (ಅಪಾರದರ್ಶಕತೆ) ಮಕ್ಕಳಿಗೆ ಹೋಗುವುದಿಲ್ಲ. ಪೊಸಿಷನ್, ರೊಟೇಷನ್, ಸ್ಕೇಲ್ ಹೋಗುತ್ತವೆ, ಅದೊಂದು ಮಾತ್ರ ಇಲ್ಲ. ಕೊಲ್ಯಾಪ್ಸ್ ಮಾಡಿದ ಪ್ರೀಕಾಂಪ್‌ನ ಒಪಾಸಿಟಿ ಇಳಿಸಿದರೆ ಪ್ರತಿ ಮುಖವೂ ಬೇರೆಬೇರೆಯಾಗಿ ಪಾರದರ್ಶಕವಾಗಿ, ಹಿಂದಿನ ಮುಖಗಳು ಇಣುಕುತ್ತವೆ. ಇದಕ್ಕೆ ಪ್ರೀಕಾಂಪ್ ಮೇಲೆ ಡಿಸ್ಟಾರ್ಟ್ ಪಟ್ಟಿಯ ಟ್ರಾನ್ಸ್‌ಫಾರ್ಮ್ ಎಫೆಕ್ಟ್ ಹಾಕಿ, ಅದರೊಳಗಿನ ಒಪಾಸಿಟಿ ಇಳಿಸಿ. ಎಫೆಕ್ಟ್ ಬಿದ್ದ ಕೂಡಲೇ ಕ್ಯೂಬ್ ಮೊದಲು ತಾನೇ ರೆಂಡರ್ ಆಗಿ, ಆಮೇಲೆ ಮುಖ್ಯ ಕಾಂಪೊಸಿಷನ್‌ಗೆ ಸೇರುತ್ತದೆ. ಇಡೀ ಕ್ಯೂಬ್ ಒಂದಾಗಿ ಮಸುಕಾಗುತ್ತದೆ. ಆದರೆ ಅದರ ಮೇಲೆ ಕೆಳಗೆ ಇರುವ ತ್ರೀಡಿ ಲೇಯರ್‌ಗಳ ಕಂತೆ ಆಗ ಒಡೆಯುತ್ತದೆ. ಹಾಗಾಗಿ ಕ್ಯೂಬ್ ಬೇರೆ ವಸ್ತುವನ್ನು ಸೀಳಿಕೊಂಡು ಹೋಗುವ ಶಾಟ್ ಇದ್ದರೆ ಎಫೆಕ್ಟ್ ಹಾಕಬೇಡಿ. ಮಸುಕಾಗುವ ಹೊತ್ತಿಗೆ ಪ್ರೀಕಾಂಪ್ ಲೇಯರನ್ನು ಕಂಟ್ರೋಲ್, ಶಿಫ್ಟ್, ಡಿ ಒತ್ತಿ ಎರಡಾಗಿ ಕತ್ತರಿಸಿ, ಎರಡನೇ ತುಂಡಿಗೆ ಮಾತ್ರ ಎಫೆಕ್ಟ್ ಹಾಕಿ.