ಬ್ರೆಡ್‌ಬೋರ್ಡ್ ಮೇಲೆ ಸಿಮ್ 800ಎಲ್ ನಿಲ್ಲಿಸಿದ್ದು: ನನ್ನ ಅನುಭವ

ಮೂಡಿಗೆರೆ ಹತ್ತಿರ ನಮ್ಮ ತೋಟದ ಪಂಪ್‌ಸೆಟ್ಟಿಗೆ ಸಿಮ್ 800ಎಲ್ (ಸಿಮ್ ಹಾಕಿದರೆ ಕಾಲ್ ತೆಗೆದುಕೊಳ್ಳುವ ಪುಟ್ಟ ಮಾಡ್ಯೂಲ್) ಬಳಸಿ, ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬೆಸುಗೆಯಿಲ್ಲದೆ ತೂತುಗಳಿಗೆ ವೈರು ಚುಚ್ಚಿ ಜೋಡಿಸುವ ಹಲಗೆ ಮೇಲೆ, ಮೊಬೈಲ್ ಸ್ಟಾರ್ಟರ್ ಮಾಡಲು ಹೊರಟಾಗ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು. "ಅದು ಬ್ರೆಡ್‌ಬೋರ್ಡ್ ಮೇಲೆ ನಿಲ್ಲಲ್ಲ ಮಾರಾಯ, ಬೆಸುಗೆ ಹಾಕು." ಈ ಸಲ ಹೂಮಳೆ (ಕಾಫಿ ಹೂ ಬಿಡಿಸುವ ಮಳೆ) ಕೈಕೊಟ್ಟಾಗ ರೊಬಸ್ಟಾ ಕಾಫಿಗೆ ನೀರು ಕೊಟ್ಟಿದ್ದು ಅದೇ ಬೋರ್ಡ್. ಎರಡು ತಿಂಗಳಾಯಿತು, ಒಮ್ಮೆಯೂ ರೀಸೆಟ್ ಆಗಿಲ್ಲ. (ಮೋಟಾರಿನ ತ್ರೀ ಫೇಸ್ ಲೈನು ಸ್ಟಾರ್ಟರ್ ಡಬ್ಬದಲ್ಲೇ ಇದೆ. ಬೋರ್ಡಿನ ಹತ್ತಿರಕ್ಕೂ ತಂದಿಲ್ಲ.)

ದುಡ್ಡು ಮಾತ್ರ ಜಾಸ್ತಿಯೇ ಹೋಯಿತು. ಕಾಲ್ ಬಂದ ಕೂಡಲೇ ಮಾಡ್ಯೂಲ್ ಸತ್ತು ಹುಟ್ಟುತ್ತಿತ್ತು. ಕೆಟ್ಟಿರಬೇಕು ಅಂತ ಇನ್ನೆರಡು ತರಿಸಿದೆ. ಆಮೇಲೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್, ಆಮೇಲೆ 3 ಆಂಪ್ಸ್ ಸಪ್ಲೈ. ಹೆಚ್ಚುಕಮ್ಮಿ 1,800 ರೂಪಾಯಿ. ರೈಲಿನ (ಬೋರ್ಡಿನ ಅಂಚಿನುದ್ದಕ್ಕೂ ಇರುವ ಪವರ್ ತೂತುಗಳ ಸಾಲು) ತುದಿಗೆ, ಕ್ಷಣಕಾಲದ ಕರೆಂಟಿಗೆ ಆಸರೆಯಾಗಲಿ ಅಂತ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೂ ಅದೇ ಗೋಳು. ಮೂರೂ ಮಾಡ್ಯೂಲ್ ಚೆನ್ನಾಗಿಯೇ ಇದ್ದವು!

ಕೊನೆಗೆ ಮಾಡ್ಯೂಲ್ ಕಿತ್ತು, ಅದರ ಜಾಗದಲ್ಲಿ 3.9 ಓಮ್ ಸಿಮೆಂಟ್ ರೆಸಿಸ್ಟರ್ ಕೂರಿಸಿದೆ. ಸುಮಾರು 1 ಆಂಪ್ಸ್ ಎಳೆಯುತ್ತೆ. ಸಪ್ಲೈ ಹತ್ತಿರ 4.1 ವೋಲ್ಟ್, ರೆಸಿಸ್ಟರ್ ಹತ್ತಿರ 3.65. ಜಂಪರ್ ವೈರು, ತೂತುಗಳೇ 0.45 ನುಂಗುತ್ತಿದ್ದವು. ಮಾಡ್ಯೂಲ್ ಒಂದೊಂದು ಕ್ಷಣ 2 ಆಂಪ್ಸ್ ಎಳೆಯುತ್ತೆ. ಆಗ 0.9 ಹೋದರೆ ಉಳಿಯೋದು 3.2. ಅದಕ್ಕೆ ಬೇಕಿರೋದು ಕನಿಷ್ಠ 3.4 ಅಲ್ವಾ?

ಜಂಪರ್ ಎಲ್ಲ ತೆಗೆದುಹಾಕಿದೆ. 22 ಗೇಜಿನ ಒಂಟಿ ಎಳೆ ತಾಮ್ರದ ವೈರ್ ತಂದೆ. ರೈಲನ್ನು ಮುಟ್ಟಲೇ ಇಲ್ಲ, ಸಪ್ಲೈನಿಂದ ನೇರವಾಗಿ ಮಾಡ್ಯೂಲಿನ ಸಾಲಿಗೇ ಎಳೆದೆ. ಆ ಸಾಲಿನಲ್ಲಿ ಒಳಗೇ ಒಂದಕ್ಕೊಂದು ಸೇರಿರುವ ಐದು ತೂತಿನಲ್ಲಿ ಒಂದು ಮಾಡ್ಯೂಲಿನ ಪಿನ್ನಿಗೆ, ಮೂರು ವೈರಿಗೆ, ಉಳಿದದ್ದು ಕೆಪಾಸಿಟರಿಗೆ. ಮೈನಸ್ಸಿಗೂ ಹಾಗೇ. ಮತ್ತೆ ಅದೇ ರೆಸಿಸ್ಟರ್ ಹಾಕಿ ಅಳೆದರೆ ನಷ್ಟ 0.08 ವೋಲ್ಟ್ ಆಸುಪಾಸು. ಪಿನ್ನು ಕೂರುವ ತೂತು ಮಾತ್ರ ಬಿಗಿಯಾಗಿರಬೇಕು. ಅಂಥದ್ದನ್ನು ಹುಡುಕುವ ನನ್ನ ಉಪಾಯ ಸದ್ಯ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ ಬೇರೊಂದು ಹಳೇ ಬೋರ್ಡಿಗೆ ಬೈಕಿನ 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಹಾಕಿದೆ. 3 ಆಂಪ್ಸ್ ಹತ್ತಿರ. ಬಿಗಿ ತೂತು ಬೆಚ್ಚಗಾಯಿತು, ಅಷ್ಟೇ. ಹಿಂದೊಮ್ಮೆ 5408 ಡಯೋಡಿನ ದಪ್ಪ ಕಾಲು ತುರುಕಿ ಸಡಿಲ ಮಾಡಿದ್ದ ತೂತು ಹತ್ತು ನಿಮಿಷದಲ್ಲಿ ವಾಸನೆ ಬಂದು ಸೊಟ್ಟಗಾಯಿತು. ಒಳ್ಳೆ ಬೋರ್ಡುಗಳಿಗೆ ಒಂದು ತೂತಿಗೆ 1 ಆಂಪ್ಸ್ ಅಂತಾರೆ. ಅಗ್ಗದ ಬೋರ್ಡಾದರೆ ನಾನು ಅರ್ಧವೇ ಲೆಕ್ಕ ಹಿಡಿಯೋದು.

ಇನ್ನು ನಮ್ಮ ಮಳೆಗಾಲದ ಥಂಡಿ ಬಾಕಿ ಇದೆ. ತಿಂಗಳಿಗೊಮ್ಮೆ ರೆಸಿಸ್ಟರ್ ಹಾಕಿ ಅಳೆಯುತ್ತಿದ್ದೇನೆ. ಮೊನ್ನೆ ನಷ್ಟ 0.1 ವೋಲ್ಟ್ ತೋರಿಸಿತು. 0.2 ಮುಟ್ಟಿದ ದಿನ ಪಕ್ಕದ ಸಾಲಿಗೆ ಬದಲಿಸುತ್ತೇನೆ.