ಬಿಸಿಯಾದೊಡನೆ ನಿಲ್ಲುತ್ತಿದ್ದ ಎಂಜಿನ್

ಪೂರ್ತಿ ಬಿಚ್ಚಿ ಕಟ್ಟಿದ ಹಳೆಯ ಕಾರಿನ ಎಂಜಿನ್ ತಣ್ಣಗಿದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಬಿಸಿಯೇರಿದೊಡನೆ ಮುಗ್ಗರಿಸಿ ನಿಲ್ಲುತ್ತಿತ್ತು. ಆರಿದರೆ ಮತ್ತೆ ಸರಿ. ಎಲ್ಲರ ಗುಮಾನಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಮೇಲೆ. ಆದರೆ ನಿಂತ ಕೂಡಲೇ ತೆರೆದು ನೋಡಿದರೆ ಅದರಲ್ಲಿ ಪೆಟ್ರೋಲ್ ತುಂಬಿತ್ತು. ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ಪರೀಕ್ಷಿಸಿದಾಗ ಕಂಡದ್ದು ನೀಲಿ ಕಿಡಿಯಲ್ಲ, ಬಡಕಲು ಹಳದಿ ಕಿಡಿ. ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಒಳಗೆ ವಿದ್ಯುತ್ತನ್ನು ಕಡಿದು ಕೂಡಿಸುವ ಕಾಂಟ್ಯಾಕ್ಟ್ ಪಾಯಿಂಟ್ ತೆರೆದುಕೊಂಡಾಗಲೆಲ್ಲ ಅಲ್ಲೇ ಚಟಪಟ ಕಿಡಿ. ಮುಖಗಳು ಸುಟ್ಟು ಗುಳಿಬಿದ್ದಿದ್ದವು. ಆ ಕಿಡಿಯನ್ನು ತಡೆಯಬೇಕಾದದ್ದು ಕಂಡೆನ್ಸರ್ ಎಂಬ ಪುಟ್ಟ ಬಿಡಿಭಾಗ. ಹೊಸದೆಂಬ ಗೌರವದಿಂದ ಅದನ್ನು ಯಾರೂ ಶಂಕಿಸಿರಲಿಲ್ಲ. ಅದೇ ಬಿಸಿಗೆ ಕೈಕೊಡುತ್ತಿತ್ತು. ಪಾಯಿಂಟ್ ಬದಲಿಸಿ, ಸಂದು ಅಳೆಯುವ ತೆಳು ಲೋಹದ ಪಟ್ಟಿಯಾದ ಫೀಲರ್ ಗೇಜ್ ಹಿಡಿದು ಅಂತರ ಹೊಂದಿಸಿದೆ. ಕಂಡೆನ್ಸರ್ ಮಾತ್ರ, ಬಿಚ್ಚುವಾಗ ಎತ್ತಿಟ್ಟಿದ್ದ ಹಳೆಯದನ್ನೇ ಹಾಕಿದೆ. ಎಂಜಿನ್ ಈಗ ನಿಲ್ಲುವುದಿಲ್ಲ. ಪಾಯಿಂಟ್ ಅಂತರ ಬದಲಾದರೆ ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಗಳಿಗೆ ಕೂಡ ಸರಿಯುವುದರಿಂದ ಅದನ್ನೂ ಮತ್ತೊಮ್ಮೆ ಹೊಂದಿಸಬೇಕಾಯಿತು.