ಎಬಿಸಿ ಕ್ಯಾಂಪಿನಲ್ಲಿ ಪಳಗಿದ ಕೈಯಲ್ಲೇ ಸಿಪಿಇ ಪಾಸಾದೆ

ಅಮೆರಿಕಕ್ಕೆ ಹೋಗಿ ಕೋಚಿಂಗ್ ತಗೊಳ್ಳದೆ ಸಿಪಿಇ (ಹೊರದೇಶದಲ್ಲಿ ಓದಿದ ಪಶುವೈದ್ಯರಿಗೆ ಅಮೆರಿಕದಲ್ಲಿ ನಡೆಸುವ ಪ್ರಾಯೋಗಿಕ ಪರೀಕ್ಷೆ) ಆಗಲ್ಲ ಅಂತ ನನ್ನ ಬ್ಯಾಚಿನವರೇ ಹೇಳಿದ್ದರು. ಈಗ ಏಳೂ ವಿಭಾಗ ಪಾಸಾಗಿವೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪಶುವೈದ್ಯ ಪದವಿ ಬಿವಿಎಸ್ಸಿಗೆ ಅಮೆರಿಕದ ಪಶುವೈದ್ಯರ ಸಂಘವಾದ ಎವಿಎಂಎಯ ಮಾನ್ಯತೆ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದರೆ ಇಸಿಎಫ್‌ವಿಜಿ ಇಲ್ಲಾ ಪೇವ್, ಈ ಎರಡು ಅರ್ಹತಾ ದಾರಿಗಳಲ್ಲಿ ಒಂದನ್ನು ಹಿಡಿಯಬೇಕು. ಪೇವ್‌ನಲ್ಲಿ ಅಲ್ಲಿನ ಕಾಲೇಜಿನ ಒಂದು ವರ್ಷದ ಕ್ಲಿನಿಕಲ್ ತರಬೇತಿಗೆ ಅರ್ಜಿ ಹಾಕಬಹುದು. ವಿಚಾರಿಸಿದಾಗ ಬಾಡಿಗೆ, ಊಟ ಎಲ್ಲ ಸೇರಿ ಅರ್ಧ ಕೋಟಿ ದಾಟುತ್ತಿತ್ತು. ಜಮೀನು ಅಡ ಇಡಲು ಅಪ್ಪ ತಯಾರಿದ್ದರು, ನಾನೇ ಬೇಡ ಅಂದೆ. ಇಸಿಎಫ್‌ವಿಜಿ ಹಿಡಿದೆ. ಅದರ ಲಿಖಿತ ಪರೀಕ್ಷೆ ಬಿಸಿಎಸ್‌ಇಯ 225 ಪ್ರಶ್ನೆ ಓದಿದವರಿಗೆ ಕಷ್ಟವಲ್ಲ.

ಕಷ್ಟ ಇರುವುದು ಅದರ ಕೊನೆಯ ಹಂತವಾದ ಸಿಪಿಇಯಲ್ಲಿ. ಎಬಿಸಿ, ಅಂದರೆ ಬೀದಿನಾಯಿಗಳ ಸಂತಾನಹರಣ ಕ್ಯಾಂಪಿನಲ್ಲಿ ನಾವು ಪಕ್ಕೆಯಲ್ಲಿ ಚಿಕ್ಕದಾಗಿ ಸೀಳಿ ಮುಗಿಸುತ್ತೇವೆ, ಅಲ್ವಾ? ಸಿಪಿಇಯಲ್ಲಿ ಹೊಟ್ಟೆಯ ನಡುಗೆರೆಯಲ್ಲೇ ತೆರೆಯಬೇಕು. ಕ್ಯಾಂಪಿನವರನ್ನು ಒಪ್ಪಿಸಿ ಎಲ್ಲ ಹೆಣ್ಣು ನಾಯಿಗಳಿಗೂ ಹಾಗೇ ಮಾಡತೊಡಗಿದೆ. ಗೌನು, ಗ್ಲೌಸ್ ಹಾಕುವುದನ್ನು ಪ್ರತಿ ಸಲ ಮೊಬೈಲಲ್ಲಿ ರೆಕಾರ್ಡ್ ಮಾಡಿ, ರಾತ್ರಿ ಕೂತು ನೋಡುತ್ತಿದ್ದೆ. ಬೆರಳು ಗೌನಿನ ತೋಳಿನ ಕಫ್‌ನಿಂದ ಆಚೆ ಇಣುಕಿತಾ, ಮೊಣಕೈ ಎಲ್ಲಾದರೂ ತಾಗಿತಾ ಅಂತ. ದಪ್ಪ ನಾಯಿಯಲ್ಲಿ ಅಂಡಾಶಯದ ಬುಡಕ್ಕೆ ಹಾಕಿದ ಗಂಟು ಕೊಬ್ಬಿನಲ್ಲಿ ಜಾರುತ್ತೆ. ಅದಕ್ಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಎದುರು ಸಿಕ್ಕಿದವರಿಗೇ ಹೇಳೋದು. ಹೊಲಿಗೆ ಅಭ್ಯಾಸಕ್ಕೆ ಬಾಳೆಸಿಪ್ಪೆ ಸುಮ್ನೆ ಹರಿಯುತ್ತೆ, ಮಟನ್ ಅಂಗಡಿಯ ಬೋಟಿ ವಾಸಿ.

ಮೊದಲ ಸಲ ಆರು ವಿಭಾಗ ಪಾಸಾದವು. ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಅರಿವಳಿಕೆ ವಿಭಾಗ ಹೋಯಿತು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಸೈಲಜಿನ್-ಕೆಟಮಿನ್ ಚುಚ್ಚುಮದ್ದು ಬಿಟ್ಟರೆ ಬೇರೆ ಇಲ್ಲ, ಉಸಿರಿನ ಮೂಲಕ ಅರಿವಳಿಕೆ ಕೊಡುವ ಐಸೊಫ್ಲುರೇನ್ ಯಂತ್ರ ಮುಟ್ಟಿದ್ದೇ ಕಡಿಮೆ. ವಾಪಸ್ ಬಂದು ಬೆಂಗಳೂರಿನ ಒಂದು ಪೆಟ್ ಕ್ಲಿನಿಕ್‌ನಲ್ಲಿ ಸಂಜೆ ಹೊತ್ತು ಸಂಬಳವಿಲ್ಲದೆ ದುಡಿದೆ. ದಿನಾ ಅದೇ ಕೆಲಸ, ಯಂತ್ರ ಸೋರುತ್ತಾ ಅಂತ ನೋಡೋದು: ಹೆಚ್ಚಾದ ಅನಿಲ ಹೊರಬಿಡುವ ಪಾಪ್-ಆಫ್ ವಾಲ್ವ್ ಮುಚ್ಚು, ಕೊಳವೆಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತು, ಆಕ್ಸಿಜನ್ ತುಂಬು, ಒತ್ತಡದ ಮುಳ್ಳು 30ರಲ್ಲಿ ನಿಲ್ಲುತ್ತಾ ನೋಡು. ವಾಲ್ವ್ ಮತ್ತೆ ತೆರೆ. ಈ ಕೊನೆಯದನ್ನು ಮರೆತರೆ ನಾಯಿಯ ಶ್ವಾಸಕೋಶಕ್ಕೇ ಅಪಾಯ.

ನನಗೆ ಬಿದ್ದ ಒಂದು ವಿಭಾಗವನ್ನಷ್ಟೇ ಮತ್ತೆ ಬರೆದರೆ ಸಾಕಾಯಿತು. ಮೊದಲ ಸಲ ಶುಲ್ಕ, ವೀಸಾ, ಟಿಕೆಟ್, ಹೋಟೆಲ್ ಎಲ್ಲ ಸೇರಿ 12-13 ಲಕ್ಷ ಆಗಿತ್ತು. ಎರಡನೇ ಸಲ ಇನ್ನೊಂದು ಮೂರು ನಾಲ್ಕು ಲಕ್ಷ. ಅರ್ಧ ಕೋಟಿಯ ಮುಂದೆ ಇದು ಎಷ್ಟೋ ಕಡಿಮೆ. ಅಲ್ಲಿನ ಲೈಸೆನ್ಸ್ ಪರೀಕ್ಷೆ ಎನ್‌ಎವಿಎಲ್‌ಇ ಬಾಕಿ ಇದೆ, 360 ಪ್ರಶ್ನೆ, ಓದುತ್ತಿದ್ದೇನೆ.